ಟೀ ಪುಡಿ ಮಾರಿ ಲೋಕ ಸುತ್ತಿದ ಲಿಪ್ಟನ್



ಸಂಘದ ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಪರದೇಶದ ವ್ಯಾಪಾರಿಯೊಬ್ಬರ ಕಥೆ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಸಂಘ ಅಂದ್ರೆ ಬರೀ ಸಾಲ, ಗೊಬ್ಬರ ಅಲ್ಲ. ಬಿತ್ತೋದು, ಬೆಳೆಯೋದು ನಮಗೆ ತಾತನ ಕಾಲದಿಂದ ಬಂದ ವಿದ್ಯೆ. ಮಾರೋದರಲ್ಲಿ ಮಾತ್ರ ನಾವು ಹಿಂದೆ. ಒಂದು ವ್ಯಾಪಾರ ಊರು ದಾಟಿ, ದೇಶ ದಾಟಿ ಹೇಗೆ ಬೆಳೆಯುತ್ತೆ ಅನ್ನೋದನ್ನು ತಿಳಿಯಬೇಕಾದರೆ ಥಾಮಸ್ ಲಿಪ್ಟನ್ನರ ಜೀವನ ನೋಡಬೇಕು. ಟೀ ಪುಡಿ ಪೊಟ್ಟಣದ ಮೇಲೆ ಆ ಹೆಸರನ್ನು ನಾವೆಲ್ಲ ಓದಿದ್ದೇವೆ. ಅದು ಒಬ್ಬ ಮನುಷ್ಯನ ಹೆಸರು ಅಂತ ಬಹಳ ಜನಕ್ಕೆ ಗೊತ್ತಿಲ್ಲ.

ಲಿಪ್ಟನ್ ಹುಟ್ಟಿದ್ದು 1848ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಬಡವರ ಕೇರಿಯಲ್ಲಿ. ತಂದೆ ತಾಯಿ ಐರ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ಬಂದವರು. ಬೆಣ್ಣೆ, ಮೊಟ್ಟೆ, ಹಂದಿ ಮಾಂಸ ಮಾರುವ ಸಣ್ಣ ಅಂಗಡಿ ಅವರದು. ಹುಡುಗ ಚಿಕ್ಕ ವಯಸ್ಸಿಗೇ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ. ಬೆಲ್‌ಫಾಸ್ಟಿಗೆ ಓಡಾಡುವ ಹಡಗಿನಲ್ಲಿ ಚಾಕರಿ ಮಾಡಿ ಕೂಡಿಟ್ಟ ದುಡ್ಡಿನಲ್ಲಿ ಅಮೆರಿಕಕ್ಕೆ ಹೋದ. ಅಲ್ಲಿ ವರ್ಜೀನಿಯಾದ ಹೊಗೆಸೊಪ್ಪಿನ ತೋಟದಲ್ಲಿ ಕೂಲಿ ಮಾಡಿದ. ಕೊನೆಗೆ ನ್ಯೂಯಾರ್ಕಿನ ದಿನಸಿ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಸಾಮಾನನ್ನು ಚೊಕ್ಕಟವಾಗಿ ಜೋಡಿಸೋದು, ಗಿರಾಕಿಗೆ ನಗುಮುಖ ತೋರಿಸೋದು, ಜಾಹೀರಾತು ಮಾಡೋದು, ಎಲ್ಲ ಕಲಿತದ್ದು ಅಲ್ಲೇ.

ಊರಿಗೆ ಮರಳಿ 1871ರಲ್ಲಿ ಗ್ಲಾಸ್ಗೋದಲ್ಲಿ ಸ್ವಂತ ಅಂಗಡಿ ತೆರೆದರು. ಅವರ ಗುಟ್ಟು ಸರಳ. ಐರ್ಲೆಂಡಿನ ರೈತರಿಂದ ನೇರ ಖರೀದಿ, ನಡುವೆ ದಲ್ಲಾಳಿ ಇಲ್ಲ, ಒಂದೊಂದರ ಮೇಲೆ ಲಾಭ ಕಡಿಮೆ, ಮಾರಾಟ ಜಾಸ್ತಿ. ಜೊತೆಗೆ ಜನರ ಕಣ್ಣು ಸೆಳೆಯುವ ಕಲೆ. 1881ರಲ್ಲಿ ಅಮೆರಿಕದಿಂದ ಭಾರಿ ಚೀಸ್ ಗಡ್ಡೆ ತರಿಸಿ, ಅದರೊಳಗೆ ಚಿನ್ನದ ನಾಣ್ಯ ಸೇರಿಸಿ ತುಂಡು ತುಂಡಾಗಿ ಮಾರಿಸಿದರು. ಜನ ಮುಗಿಬಿದ್ದು ಕೊಂಡರು. ಒಂದು ಅಂಗಡಿ ಹತ್ತಾಗಿ, ಹತ್ತು ನೂರಾಗಿ ಬ್ರಿಟನ್ ತುಂಬ ಹರಡಿತು.

ಆಗ ಅಲ್ಲಿ ಟೀ ಪುಡಿ ಬಡವರಿಗೆ ದುಬಾರಿ. ಪೆಟ್ಟಿಗೆಯಿಂದ ತೆಗೆದು ಬಿಡಿಯಾಗಿ ತೂಗಿ ಕೊಡುತ್ತಿದ್ದರು. ಒಂದು ಸಲದ ರುಚಿ ಇನ್ನೊಂದು ಸಲ ಇರುತ್ತಿರಲಿಲ್ಲ. ಇತ್ತ ಸಿಲೋನಿನಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ, 1869ರಿಂದ ಕಾಫಿ ಗಿಡಕ್ಕೆ ಎಲೆ ತುಕ್ಕು ರೋಗ ತಗುಲಿ ತೋಟಗಳು ಹಾಳಾದವು. ನಮ್ಮ ಕೊಡಗು, ಮಲೆನಾಡಿನ ಬೆಳೆಗಾರರನ್ನೂ ಕಾಡಿದ್ದು ಇದೇ ರೋಗ. ಜೇಮ್ಸ್ ಟೇಲರ್ ಅನ್ನುವವರು 1867ರಲ್ಲೇ ಅಲ್ಲಿ ಟೀ ತೋಟ ಹಾಕಿ ದಾರಿ ತೋರಿಸಿದ್ದರು. ಕಾಫಿ ಬಿಟ್ಟವರು ಟೀ ಕಡೆ ತಿರುಗಿದರು. ಭೂಮಿ ಅಗ್ಗಕ್ಕೆ ಸಿಗುತ್ತಿತ್ತು.

ಲಿಪ್ಟನ್ 1890ರಲ್ಲಿ ಸಿಲೋನಿಗೆ ಹೋಗಿ ಡಂಬಟೆನ್ನೆ ಮುಂತಾದ ತೋಟಗಳನ್ನು ಕೊಂಡರು. ಬೆಳೆಯೋದೂ ಅವರೇ, ಮಾರೋದೂ ಅವರೇ ಆಯಿತು. ಬೇರೆಯವರು ಪೌಂಡಿಗೆ, ಅಂದರೆ ಸುಮಾರು 450 ಗ್ರಾಂಗೆ, 3 ಶಿಲಿಂಗ್ ಆಸುಪಾಸು ತೆಗೆದುಕೊಳ್ಳುತ್ತಿದ್ದಾಗ ಇವರು 1 ಶಿಲಿಂಗ್ 7 ಪೆನ್ಸ್‌ಗೆ ಕೊಟ್ಟರು. ಒಂದು, ಅರ್ಧ, ಕಾಲು ಪೌಂಡಿನ ಪೊಟ್ಟಣ ಕಟ್ಟಿದರು. ತೂಕ ಖಾತ್ರಿ, ಗುಣ ಖಾತ್ರಿ, ಮೇಲೆ ಹೆಸರು. ಇನ್ನೊಂದು ಜಾಣತನ ನೋಡಿ: ಊರೂರಿನ ನೀರಿಗೆ ಹೊಂದುವ ಹಾಗೆ ಪುಡಿಯ ಬೆರಕೆಯನ್ನೇ ಬದಲಾಯಿಸುತ್ತಿದ್ದರು. ಹೆಸರು ಎಲ್ಲ ಕಡೆ ಒಂದೇ, ರುಚಿ ಆಯಾ ಊರಿನದು. ಹೊರಗಿನ ಮಾರುಕಟ್ಟೆಗೆ ಹೋಗುವವರಿಗೆ ಇದೇ ದೊಡ್ಡ ಪಾಠ ಅಂತ ನಮಗೆ ಅನ್ನಿಸುತ್ತೆ.

ಆಮೇಲೆ ಅಮೆರಿಕದಲ್ಲೂ ಪೊಟ್ಟಣ ಕಟ್ಟುವ ಕಾರ್ಖಾನೆ ಹಾಕಿದರು. ಅಲ್ಲಿನ ಜನಕ್ಕೆ ಕಾಫಿ ಚಟ. ಅವರ ಮನಸ್ಸು ಗೆಲ್ಲಲು ಹಾಯಿದೋಣಿ ಪಂದ್ಯವೂ ನೆರವಿಗೆ ಬಂತು. ಅಮೆರಿಕಾಸ್ ಕಪ್ ಪಂದ್ಯಕ್ಕೆ 1899ರಿಂದ 1930ರವರೆಗೆ ಐದು ಸಲ ಇಳಿದು, ಐದು ಸಲವೂ ಸೋತರು. ಆದರೆ ನಗುನಗುತ್ತಾ ಸೋತ ಅವರನ್ನು ಮೆಚ್ಚಿ ಅಮೆರಿಕದ ಜನ ಚಂದಾ ಎತ್ತಿ ಚಿನ್ನದ ಬಟ್ಟಲು ಕೊಟ್ಟರು. ದೋಣಿ ಸೋತರೂ ಟೀ ಗೆದ್ದಿತು.

ಇಷ್ಟೇ ಹೇಳಿ ಮುಗಿಸಿದರೆ ಅರ್ಧ ಕಥೆ. ಆ ಸೀಮೆಯ ಟೀ ತೋಟಗಳಲ್ಲಿ ಬೆನ್ನಿಗೆ ಬುಟ್ಟಿ ಕಟ್ಟಿ ಚಿಗುರು ಕಿತ್ತವರು ನಮ್ಮ ನೆರೆಯ ತಮಿಳುನಾಡಿನಿಂದ ಹೋದ ಕೂಲಿಗಳು. ತೋಟದ ಸಾಲುಮನೆಯ ಸಣ್ಣ ಕೋಣೆಗಳಲ್ಲಿ ಬದುಕಿದರು. ಟೀ ಲೋಕವೆಲ್ಲ ಸುತ್ತಿತು, ಕಿತ್ತವರು ಅಲ್ಲೇ ಉಳಿದರು. 1948ರ ಸಿಲೋನಿನ ಪೌರತ್ವ ಕಾನೂನು ಅವರಲ್ಲಿ ಲಕ್ಷಾಂತರ ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ಬೆಳೆಯುವ ಕೈಗೂ ಪೊಟ್ಟಣದ ಮೇಲಿನ ಹೆಸರಿಗೂ ಎಷ್ಟು ದೂರ ಅನ್ನೋದನ್ನು ರೈತರಾದ ನಾವು ಮರೆಯಬಾರದು.

1898ರಲ್ಲಿ ವ್ಯಾಪಾರ ಷೇರು ಕಂಪನಿ ಆಯಿತು. ಮುಂದೆ ಲಾಭ ಇಳಿದು ಷೇರುದಾರರ ಅಸಮಾಧಾನ ಹೆಚ್ಚಿ, ಕಟ್ಟಿದವರೇ ಅಧ್ಯಕ್ಷಗಿರಿ ಬಿಡಬೇಕಾಯಿತು. 1931ರ ಅಕ್ಟೋಬರ್ 2ರಂದು ತೀರಿಕೊಂಡರು. ಆಸ್ತಿಯ ಬಹುಪಾಲು ಗ್ಲಾಸ್ಗೋ ನಗರಕ್ಕೆ, ಅಲ್ಲಿನ ಬಡವರಿಗೆ ಮತ್ತು ಆಸ್ಪತ್ರೆಗಳಿಗೆ ಹೋಯಿತು. ಕಂಪನಿ 1938ರಿಂದ 1972ರೊಳಗೆ ಭಾಗಭಾಗವಾಗಿ ಯೂನಿಲಿವರ್ ಪಾಲಾಯಿತು. ಕಟ್ಟಿದವರು ಹೋದರೂ ಹೆಸರು ಉಳಿಯಿತು.

ಇನ್ನೊಂದು ವಿಷಯ ನಮ್ಮ ಸದಸ್ಯರಿಗೆ ಹೇಳಲೇಬೇಕು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಕೂಲಿ ಜನ ಸೇರಿ ಶುರುಮಾಡಿದ ಸಹಕಾರಿ ಅಂಗಡಿಯ ಬಗ್ಗೆ ಕೇಳಿದ್ದೀರಿ. ಅದರ ದಾರಿ ಹಿಡಿದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಸಹಕಾರಿ ಸಗಟು ಸಂಘಗಳೂ ಜೊತೆಗೂಡಿ ಸಿಲೋನಿನಲ್ಲಿ, ದಕ್ಷಿಣ ಭಾರತದಲ್ಲಿ ಟೀ ತೋಟ ಕೊಂಡು, ಸದಸ್ಯರಿಗೆ ತಮ್ಮದೇ ಟೀ ಒದಗಿಸಿದವು. ಅಂದರೆ ಲಿಪ್ಟನ್ ಒಬ್ಬರೇ ಮಾಡಿದ್ದನ್ನು ಬಡವರ ಸಂಘವೂ ಮಾಡಿ ತೋರಿಸಿತು. ಲಾಭ ಮಾತ್ರ ಒಬ್ಬರ ಜೇಬಿಗೆ ಹೋಗದೆ ಸದಸ್ಯರಿಗೆ ಹಂಚಿಕೆ ಆಯಿತು. ನಮ್ಮ ದೇಶದ ಮೊದಮೊದಲ ಸಹಕಾರಿ ಸಂಘಗಳಲ್ಲೊಂದು 1905ರಲ್ಲಿ ನೋಂದಣಿಯಾದದ್ದು ನಮ್ಮದೇ ಗದಗ ಸೀಮೆಯ ಕಣಗಿನಹಾಳದಲ್ಲಿ. ದೊಡ್ಡ ದಾರಿ ಸಣ್ಣ ಊರಿಂದಲೂ ಶುರುವಾಗುತ್ತೆ.

ನಾವು ನಾಳೆಯೇ ಹಡಗು ಹತ್ತಬೇಕಿಲ್ಲ. ತೂಕದಲ್ಲಿ ಮೋಸವಿಲ್ಲದ, ಕಲ್ಲುಮಣ್ಣಿಲ್ಲದ ಮಾಲು, ಅದರ ಮೇಲೆ ಸಂಘದ ಹೆಸರು, ಕೊಳ್ಳುವವರ ರುಚಿ ತಿಳಿಯುವ ತಾಳ್ಮೆ, ಬೆಳೆದವರಿಗೆ ನ್ಯಾಯದ ಪಾಲು, ಇಷ್ಟಿದ್ದರೆ ಮಾರುಕಟ್ಟೆ ತಾನಾಗಿ ಹತ್ತಿರ ಬರುತ್ತೆ. ಮುಂದಿನ ಇಪ್ಪತ್ತೈದು ವರ್ಷದಲ್ಲಿ ನಮ್ಮ ಸಂಘ ಆ ದಾರಿಯಲ್ಲಿ ಸಾಗಲಿ ಎಂದು ಹಾರೈಸುತ್ತೇವೆ.