ಒಡವೆಯ ಲೆಕ್ಕ ಬರೆದಿಟ್ಟ ಕಲ್ಯಾಣದ ಅರಸ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಈ ಪ್ರಶ್ನೆ ಗೊತ್ತು: ‘ಮಾನಸೋಲ್ಲಾಸ’ದ ಕರ್ತೃ ಯಾರು? ಉತ್ತರ, ಮೂರನೇ ಸೋಮೇಶ್ವರ. ಒಂದು ಅಂಕ. ಅಲ್ಲಿಗೆ ಅವನ ಕಥೆ ಮುಗಿಯಿತು. ನನ್ನ ನೋಟ್‌ಬುಕ್ಕಿನಲ್ಲೂ ಬಹಳ ದಿನ ಅವನಿಗೆ ಇದ್ದದ್ದು ಒಂದೇ ಸಾಲು.

ನಾನು ಹುಮನಾಬಾದಿನವಳು. ಅಪ್ಪ ಅಕ್ಕಸಾಲಿಗ. ಡಿಗ್ರಿ ಮುಗಿಸಿ ಬೆಳಿಗ್ಗೆ ಪರೀಕ್ಷೆಗೆ ಓದುತ್ತೇನೆ, ಮಧ್ಯಾಹ್ನದ ಮೇಲೆ ಒಂದು ಫ್ಯಾನ್ಸಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕಾಲೇಜ್ ಡೇ ಹತ್ತಿರ ಬಂತೆಂದರೆ ಹುಡುಗಿಯರು ಸೀರೆಯ ಸೆರಗಿಗೆ ಹಾಕುವ ಬ್ರೋಚ್ ಕೇಳಿಕೊಂಡು ಬರುತ್ತಾರೆ. ನವಿಲು, ಹಂಸ, ಕಮಲ, ಬಳ್ಳಿ. ಎಲ್ಲರಿಗೂ ‘ಆಂಟಿಕ್’ ವಿನ್ಯಾಸವೇ ಬೇಕು. ಆದರೆ ಅದು ಹೋದ ತಿಂಗಳು ಬಂದ ಮಾಲು. ಬಣ್ಣ ಮಾತ್ರ ಹಳೆಯದು. ಹಾಗಾದರೆ ನಮ್ಮ ಕಡೆಯ ನಿಜವಾದ ಹಳೆಯ ವಿನ್ಯಾಸ ಯಾವುದು? ಇದನ್ನು ಹುಡುಕುತ್ತ ಹೋದಾಗ ಮತ್ತೆ ಎದುರಾದವನು ಅದೇ ಒಂದು ಅಂಕದ ಅರಸ.

ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಸಸ್ತಾಪುರ ಬಂಗ್ಲಾದಲ್ಲಿ ತಿರುಗಿದರೆ ಬಸವಕಲ್ಯಾಣ. ಒಂಬೈನೂರು ವರ್ಷಗಳ ಹಿಂದೆ ಅದು ಚಾಲುಕ್ಯ ಸಾಮ್ರಾಜ್ಯದ ರಾಜಧಾನಿ. ಅಲ್ಲಿ 1076ರಿಂದ 1126ರವರೆಗೆ, ಅರ್ಧ ಶತಮಾನ ಆಳಿದವನು ಆರನೇ ವಿಕ್ರಮಾದಿತ್ಯ. ಹೊಸ ಶಕೆಯನ್ನೇ ಆರಂಭಿಸಿದವನು. ಅವನ ಆಸ್ಥಾನದಲ್ಲಿ ಕಾಶ್ಮೀರದಿಂದ ಬಂದ ಬಿಲ್ಹಣ ಕವಿಯಿದ್ದ, ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರನಿದ್ದ. ಅಂಥ ತಂದೆಯ ಮಗನಾಗಿ ಸೋಮೇಶ್ವರ ಪಟ್ಟಕ್ಕೆ ಬಂದ. ಭೂಲೋಕಮಲ್ಲ ಎಂಬ ಬಿರುದು ಧರಿಸಿದ.

ದೊಡ್ಡವರ ಮಕ್ಕಳಿಗೆ ಇರುವ ಕಷ್ಟ ಅವನಿಗೂ ಇತ್ತು. ತಂದೆ ಕಟ್ಟಿದ್ದನ್ನು ಉಳಿಸಿಕೊಂಡರೆ ಯಾರೂ ಹೊಗಳುವುದಿಲ್ಲ, ಕಳೆದುಕೊಂಡರೆ ಯಾರೂ ಬಿಡುವುದಿಲ್ಲ. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ಸ್ವತಂತ್ರನಾಗಲು ಕಾಯುತ್ತಿದ್ದ. ಪೂರ್ವದಲ್ಲಿ ವೆಂಗಿ ನಾಡು ಚೋಳರ ಕಡೆಗೆ ಜಾರಿತು. ಸೋಮೇಶ್ವರ ಆಳಿದ್ದು ಸುಮಾರು 12 ವರ್ಷ, 1138ರವರೆಗೆ. ಯುದ್ಧಗಳ ಪಟ್ಟಿ ಹಿಡಿದು ಅರಸರನ್ನು ಅಳೆಯುವವರು ಅವನನ್ನು ಬೇಗ ದಾಟಿ ಮುಂದೆ ಹೋಗುತ್ತಾರೆ.

ಆದರೆ ಅವನಿಗೆ ಇನ್ನೊಂದು ಹೆಸರಿತ್ತು, ಸರ್ವಜ್ಞಭೂಪ. ಎಲ್ಲವನ್ನೂ ತಿಳಿದ ರಾಜ. ಪಟ್ಟಕ್ಕೆ ಬಂದು ಮೂರು ವರ್ಷವಾಗುವಷ್ಟರಲ್ಲಿ, 1129ರ ಹೊತ್ತಿಗೆ, ಅವನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ಸಿದ್ಧವಾಗಿತ್ತು. ‘ಅಭಿಲಷಿತಾರ್ಥ ಚಿಂತಾಮಣಿ’ ಎಂದೂ ಅದನ್ನು ಕರೆಯುತ್ತಾರೆ. ಐದು ಭಾಗ, ಪ್ರತಿ ಭಾಗದಲ್ಲಿ 20 ಅಧ್ಯಾಯ, ಒಟ್ಟು 100. ರಾಜ್ಯ ಪಡೆಯುವುದು, ಅದನ್ನು ಉಳಿಸಿಕೊಳ್ಳುವುದು, ಉಪಭೋಗ, ವಿನೋದ, ಕ್ರೀಡೆ ಎಂಬುದು ಅದರ ಕ್ರಮ. ಆನೆ ಹಿಡಿಯುವುದು, ಮೀನು ಹಿಡಿಯುವುದು, ಕುಸ್ತಿ, ಸಂಗೀತ, ಗೋಡೆಗೆ ಚಿತ್ರ ಬರೆಯುವುದು, ಅಡುಗೆ ಎಲ್ಲವೂ ಅದರಲ್ಲಿವೆ. ಇಂದಿನ ಇಡ್ಲಿಯ ಪೂರ್ವಜ ಎನ್ನಬಹುದಾದ ಉದ್ದಿನ ತಿನಿಸೂ ಇದೆ. ಇಷ್ಟೆಲ್ಲ ಬರೆಯಲು ಆಸ್ಥಾನದ ವಿದ್ವಾಂಸರು ನೆರವಾಗಿರಬಹುದು. ಆದರೂ ಇವೆಲ್ಲ ಬರೆದಿಡಬೇಕಾದ ವಿಷಯಗಳು ಎಂದು ಒಬ್ಬ ಚಕ್ರವರ್ತಿಗೆ ಅನ್ನಿಸಿತಲ್ಲ, ಅದೇ ದೊಡ್ಡದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಡವೆಯ ಭಾಗ. ಬೊಕ್ಕಸದ ಬಗ್ಗೆ ಹೇಳುವಾಗ ಸೋಮೇಶ್ವರ ವಜ್ರ, ಮುತ್ತು, ಮಾಣಿಕ್ಯ, ನೀಲ, ಪಚ್ಚೆಗಳ ಗುಣದೋಷ ಪರೀಕ್ಷಿಸುವ ಬಗೆಯನ್ನು ವಿವರಿಸುತ್ತಾನೆ. ಉಪಭೋಗದ ಭಾಗದಲ್ಲಿ ಆಭರಣಗಳಿಗೇ ಒಂದು ಅಧ್ಯಾಯವಿದೆ. ಒಡವೆ ಅವನಿಗೆ ಕೇವಲ ಮೆರೆಯುವ ವಸ್ತುವಲ್ಲ. ಅದಕ್ಕೊಂದು ಹೆಸರು, ಅಳತೆ, ಜೋಡಣೆಯ ನಿಯಮ ಇರುವ ವಿದ್ಯೆ.

ಇನ್ನೊಂದು ಕಡೆ ಮೇಣದ ಅಚ್ಚಿನಿಂದ ಲೋಹದ ವಿಗ್ರಹ ಎರಕ ಹೊಯ್ಯುವ ಕ್ರಮ ಬರುತ್ತದೆ. ಮೊದಲು ಮೇಣದಲ್ಲಿ ಮೂರ್ತಿ ಮಾಡಬೇಕು. ಸುಟ್ಟ ಹೊಟ್ಟು, ಹತ್ತಿ, ಉಪ್ಪು ಬೆರೆಸಿ ನುಣ್ಣಗೆ ಅರೆದ ಮಣ್ಣನ್ನು ಅದಕ್ಕೆ ಮೂರು ಸಲ ಬಳಿದು ನೆರಳಲ್ಲಿ ಒಣಗಿಸಬೇಕು. ಕಾಯಿಸಿದಾಗ ಮೇಣ ಕರಗಿ ಹೊರಗೆ ಬರುತ್ತದೆ, ಆ ಖಾಲಿ ಜಾಗಕ್ಕೆ ಲೋಹ ಸುರಿಯಬೇಕು. ಎಷ್ಟು ಲೋಹ? ಮೇಣದ ತೂಕದ 12 ಪಟ್ಟು ಬೆಳ್ಳಿ, 16 ಪಟ್ಟು ಚಿನ್ನ. ಈ ಲೆಕ್ಕ ಸಿಂಹಾಸನದ ಮೇಲೆ ಕುಳಿತು ಹುಟ್ಟುವಂಥದ್ದಲ್ಲ. ಕುಲುಮೆಯ ಮುಂದೆ ಬೆವರಿದ ಯಾರೋ ಹೇಳಿರಬೇಕು, ಅರಸ ಕೇಳಿಸಿಕೊಂಡಿರಬೇಕು. ಇದನ್ನು ಅಪ್ಪನಿಗೆ ಓದಿ ಹೇಳಿದೆ. ಇಂದಿನ ಎರಕದ ಘಟಕಗಳಲ್ಲೂ ಮೇಣ ತೂಗಿಯೇ ಚಿನ್ನದ ಲೆಕ್ಕ ಹಾಕುತ್ತಾರೆ ಎಂದರು. ಆಮೇಲೆ ಆ ಪುಟವನ್ನು ಇನ್ನೊಮ್ಮೆ ಓದಿಸಿಕೊಂಡರು.

ಆ ಕಾಲದ ಬಂಗಾರ ಇಂದು ಕಲ್ಯಾಣದಲ್ಲಿ ನೋಡಲು ಸಿಗುವುದಿಲ್ಲ. ಕೋಟೆಯೂ ನಂತರದ ಸುಲ್ತಾನರ ಕಾಲದಲ್ಲಿ ಬಹಳ ಬದಲಾಗಿದೆ. ಒಡವೆಯ ವಿನ್ಯಾಸ ಉಳಿದಿರುವುದು ಕಲ್ಲಿನಲ್ಲಿ. ಬಸವಕಲ್ಯಾಣದ ಪಕ್ಕದ ನಾರಾಯಣಪುರದ ಗುಡಿಗೆ ಹೋಗಿ, ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗೆ ಹೋಗಿ. ಗೋಡೆಯ ಮೇಲಿನ ಶಿಲಾಬಾಲಿಕೆಯರ ಕೊರಳ ಹಾರ, ತೋಳಬಂದಿ, ಸೊಂಟದ ಪಟ್ಟಿ, ಕಾಲ್ಗಡಗ ನೋಡಿ. ಜಲಸಂಗ್ವಿಯಲ್ಲಿ ಒಬ್ಬಳು ನಮಗೆ ಬೆನ್ನು ಮಾಡಿ ನಿಂತು ಶಾಸನ ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದು ಸೋಮೇಶ್ವರನ ತಂದೆ ವಿಕ್ರಮಾದಿತ್ಯನ ಹೊಗಳಿಕೆ. ಮೈತುಂಬ ಒಡವೆ, ಕೈಯಲ್ಲಿ ಬರೆಯುವ ಕೆಲಸ. ಅಂದಿನ ಕಲ್ಯಾಣವನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಚಿತ್ರ ನನಗೆ ಕಂಡಿಲ್ಲ.

ಸೋಮೇಶ್ವರನೂ ತಂದೆಯ ಕಥೆ ಬರೆಯಲು ಹೊರಟಿದ್ದ. ‘ವಿಕ್ರಮಾಂಕಾಭ್ಯುದಯ’ ಎಂಬ ಆ ಕೃತಿ ಅಪೂರ್ಣವಾಗಿ ಸಿಕ್ಕಿದೆ. ಬರೆಯುವ ಅಭ್ಯಾಸ ಮುಂದಿನ ತಲೆಮಾರಿಗೂ ಬಂತು. ಅವನ ನಂತರ ಪಟ್ಟವೇರಿದ ಮಗ ಇಮ್ಮಡಿ ಜಗದೇಕಮಲ್ಲ ‘ಸಂಗೀತ ಚೂಡಾಮಣಿ’ಯ ಕರ್ತೃ. ರಾಜ್ಯ ಮಾತ್ರ ಉಳಿಯಲಿಲ್ಲ. ಸೋಮೇಶ್ವರ ತೀರಿಕೊಂಡು ಕಾಲು ಶತಮಾನ ಕಳೆಯುವುದರೊಳಗೆ ಕಲ್ಯಾಣ ಕಳಚುರಿ ಬಿಜ್ಜಳನ ಕೈಗೆ ಹೋಯಿತು. ಅದೇ ಊರಿನಲ್ಲಿ ಬಸವಣ್ಣನವರು ಕಾಯಕಕ್ಕೆ ಹೊಸ ಬೆಲೆ ತಂದುಕೊಟ್ಟರು. ವೃತ್ತಿಯಿಂದ ಅಕ್ಕಸಾಲಿಗನಾಗಿದ್ದ ಕಿನ್ನರಿ ಬೊಮ್ಮಯ್ಯನಂಥವರು ಶರಣರ ಸಾಲಿನಲ್ಲಿ ಕುಳಿತರು. ಅರಸನ ಗ್ರಂಥದಲ್ಲಿ ಕಸುಬಿತ್ತು, ಕಸುಬುದಾರನ ಹೆಸರಿರಲಿಲ್ಲ. ಶರಣರು ಆ ಹೆಸರನ್ನೂ ಉಳಿಸಿದರು.

ಗ್ರಂಥವೂ ಉಳಿಯಿತು. ಎಂಟು ಶತಮಾನ ಹಸ್ತಪ್ರತಿಗಳಲ್ಲಿ ಬಾಳಿ, 1925ರಲ್ಲಿ ಬರೋಡಾದಿಂದ, 1926ರಲ್ಲಿ ಮೈಸೂರಿನಿಂದ ಅಚ್ಚಾಗತೊಡಗಿತು. ಮೈಸೂರಿನ ಆವೃತ್ತಿಯನ್ನು ಸಂಪಾದಿಸಿದವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು. ಸೋಮೇಶ್ವರ ಕಾದಾಡಿದ ಗಡಿಗಳು ಇಂದು ನಕ್ಷೆಯಲ್ಲಿಲ್ಲ. ಅವನು ಬರೆಸಿದ ಮೇಣ ಮತ್ತು ಚಿನ್ನದ ಲೆಕ್ಕ ಇದೆ.

ಕೆಲಸ ಹುಡುಕುವ ನಮ್ಮಂಥವರಿಗೆ ಮನೆಯ ಕಸುಬು ಎಂದರೆ ಸ್ವಲ್ಪ ಸಂಕೋಚ. ಅರ್ಜಿಯಲ್ಲಿ ತುಂಬಲು ಅದಕ್ಕೊಂದು ಕಾಲಂ ಕೂಡ ಇರುವುದಿಲ್ಲ. ನಾನೂ ಸರ್ಕಾರಿ ನೌಕರಿಗೇ ಓದುತ್ತಿದ್ದೇನೆ, ಮುಂದೆಯೂ ಓದುತ್ತೇನೆ. ಆದರೆ ಅಪ್ಪನ ಬೆರಳಲ್ಲಿರುವ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲ. ರೆಡಿಮೇಡ್ ಮಾಲು ಬಂದ ಮೇಲೆ ಅವರ ಬಳಿ ಹೊಸ ಒಡವೆ ಮಾಡಿಸುವವರು ಕಡಿಮೆ. ಬರುವುದು ಬೆಸುಗೆ, ಪಾಲಿಶ್ ಕೆಲಸ. ಬೋರಮಾಳದ ಗುಂಡು ಹೇಗೆ ಉಬ್ಬಿಸಬೇಕು, ಟೀಕಿಯ ಮನೆಗಳು ಎಷ್ಟು, ನಾಗಮುರಿಗೆಯ ಹೆಡೆ ಎಲ್ಲಿ ತಿರುಗಬೇಕು ಎಂಬುದೆಲ್ಲ ಅವರ ನೆನಪಿನಲ್ಲೇ ಇದೆ. ನೆನಪಿಗೆ ವಯಸ್ಸಾಗುತ್ತದೆ.

ಆದ್ದರಿಂದ ಭಾನುವಾರ ಒಂದು ಗಂಟೆ ಅಪ್ಪ ಹೇಳುತ್ತಾರೆ, ನಾನು ಬರೆಯುತ್ತೇನೆ. ಹೆಸರು, ತೂಕ, ಕ್ರಮ, ಪಕ್ಕದಲ್ಲಿ ಪೆನ್ಸಿಲ್ ಚಿತ್ರ. ಇದುವರೆಗೆ 31 ವಿನ್ಯಾಸ ಆಗಿವೆ. ಮೊದಲ ಪುಟದಲ್ಲಿ ಅಪ್ಪನ ಹೆಸರು ಬರೆದಿದ್ದೇನೆ. ಗೆಳೆಯರೇ, ನಿಮ್ಮ ಮನೆಯಲ್ಲಿ ನೇಯ್ಗೆ ಇರಬಹುದು, ಬಡಿಗತನ ಇರಬಹುದು, ಅಜ್ಜಿಯ ಅಡುಗೆ ಇರಬಹುದು. ಅವರನ್ನು ಕೂರಿಸಿಕೊಂಡು ಕೇಳಿ, ಬರೆದಿಡಿ. ಒಬ್ಬ ಚಕ್ರವರ್ತಿಗೆ ಅದು ಚಿಕ್ಕ ಕೆಲಸ ಅನ್ನಿಸಿರಲಿಲ್ಲ.