ಯಲ್ಲಾಪ್ರಗಡ ಸುಬ್ಬರಾವ್

ಯಲ್ಲಾಪ್ರಗಡ ಸುಬ್ಬರಾವ್ (ಜನವರಿ 12, 1895 – ಆಗಸ್ಟ್ 8, 1948) ಭಾರತೀಯ ಜೀವರಸಾಯನ ವಿಜ್ಞಾನಿ. ರಕ್ತದಲ್ಲಿನ ರಂಜಕವನ್ನು ಅಳೆಯುವ ವಿಧಾನ ಮತ್ತು ರಕ್ತದ ಕ್ಯಾನ್ಸರ್‌ಗೆ ನೀಡುವ ಮೆಥೋಟ್ರೆಕ್ಸೇಟ್ ಔಷಧ, ಇವೆರಡರ ಹಿಂದೆಯೂ ಇವರ ಸಂಶೋಧನೆಯಿದೆ.

ಜನನ ಮತ್ತು ಶಿಕ್ಷಣ

ಸುಬ್ಬರಾವ್ ಅಂದಿನ ಮದ್ರಾಸ್ ಪ್ರಾಂತ್ಯದ ಭೀಮಾವರಂನಲ್ಲಿ ಜನಿಸಿದರು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮೂರನೆಯ ಪ್ರಯತ್ನದಲ್ಲಿ ಮೆಟ್ರಿಕ್ಯುಲೇಷನ್ ತೇರ್ಗಡೆಯಾಗಿ, ಮದ್ರಾಸ್ ವೈದ್ಯಕೀಯ ಕಾಲೇಜು ಸೇರಿದರು. ಸ್ವದೇಶಿ ಚಳವಳಿಯ ಪ್ರಭಾವದಿಂದ ಖಾದಿ ಧರಿಸಿದ್ದು ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರ ಅಸಮಾಧಾನಕ್ಕೆ ಕಾರಣವಾಯಿತು. ಎಂ.ಬಿ.ಬಿ.ಎಸ್. ಬದಲಿಗೆ ಕೆಳಹಂತದ ಎಲ್.ಎಂ.ಎಸ್. ಪದವಿ ದೊರೆಯಿತು. ಸಹೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ಮೃತಪಟ್ಟದ್ದು ಇವರನ್ನು ಸಂಶೋಧನೆಯತ್ತ ಸೆಳೆಯಿತು. ಮಾವನವರ ನೆರವಿನಿಂದ 1920ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್‌ಗೆ ತೆರಳಿದ ಇವರು ಮತ್ತೆ ಭಾರತಕ್ಕೆ ಮರಳಲಿಲ್ಲ.

ರಂಜಕದ ಪರೀಕ್ಷೆ

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರೊಂದಿಗೆ ಕೆಲಸ ಮಾಡಿ 1925ರಲ್ಲಿ ಫಿಸ್ಕ್–ಸುಬ್ಬರಾವ್ ವಿಧಾನವನ್ನು ಪ್ರಕಟಿಸಿದರು. ಇದರಲ್ಲಿ ಫಾಸ್ಫೇಟು ಮಾಲಿಬ್ಡೇಟಿನೊಂದಿಗೆ ಸೇರಿ, ಬಳಿಕ ಅಪಕರ್ಷಣೆಗೊಂಡು ನೀಲಿ ಬಣ್ಣ ತಾಳುತ್ತದೆ. ಬಣ್ಣದ ಗಾಢತೆಯಿಂದ ರಂಜಕದ ಪ್ರಮಾಣ ತಿಳಿಯುತ್ತದೆ. ಮೂಳೆಯ ಗಟ್ಟಿತನಕ್ಕೆ ಕ್ಯಾಲ್ಸಿಯಂ ಮತ್ತು ರಂಜಕ ಎರಡೂ ಅಗತ್ಯ. ಆದ್ದರಿಂದ ರಿಕೆಟ್ಸ್‌ನಂತಹ ಮೂಳೆರೋಗಗಳಲ್ಲಿ ರಕ್ತದ ಕ್ಯಾಲ್ಸಿಯಂ, ಕ್ಷಾರೀಯ ಫಾಸ್ಫಟೇಸ್ ಇವುಗಳ ಜೊತೆಗೆ ರಂಜಕವನ್ನೂ ಪರೀಕ್ಷಿಸಲಾಗುತ್ತದೆ. ಇದೇ ಸಂಶೋಧನೆಯ ಮುಂದುವರಿಕೆಯಾಗಿ ಫಾಸ್ಫೋಕ್ರಿಯಾಟಿನ್ ಹಾಗೂ ಜೀವಕೋಶಗಳ ಶಕ್ತಿವಾಹಕವಾದ ಎಟಿಪಿ ಗುರುತಿಸಲ್ಪಟ್ಟವು. ಆದರೂ ಹಾರ್ವರ್ಡ್‌ನಲ್ಲಿ ಇವರಿಗೆ ಖಾಯಂ ಹುದ್ದೆ ದೊರೆಯಲಿಲ್ಲ.

ಫೋಲಿಕ್ ಆಮ್ಲ ಮತ್ತು ರಕ್ತದ ಕ್ಯಾನ್ಸರ್

1940ರಲ್ಲಿ ಲೆಡರ್ಲಿ ಪ್ರಯೋಗಾಲಯವನ್ನು ಸೇರಿದ ಸುಬ್ಬರಾವ್ ಅವರ ತಂಡವು ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಅದು ಸ್ಪ್ರೂ ಕಾಯಿಲೆಯ ಚಿಕಿತ್ಸೆಗೂ ಒದಗಿತು. ವೇಗವಾಗಿ ಹೆಚ್ಚುವ ಕ್ಯಾನ್ಸರ್ ಕೋಶಗಳಿಗೂ ಇದೇ ಜೀವಸತ್ವ ಬೇಕು. ಅದರ ಕಾರ್ಯವನ್ನು ತಡೆಯುವ ಅಮಿನೊಪ್ಟೆರಿನ್ ಹಾಗೂ ಮೆಥೋಟ್ರೆಕ್ಸೇಟ್‌ಗಳನ್ನು ತಂಡವು ರೂಪಿಸಿತು. ಬಾಸ್ಟನ್‌ನ ವೈದ್ಯ ಸಿಡ್ನಿ ಫಾರ್ಬರ್ ಅಮಿನೊಪ್ಟೆರಿನ್ ನೀಡಿದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಕೆ ತೋರಿದರೆಂಬ ವರದಿ 1948ರಲ್ಲಿ ಪ್ರಕಟವಾಯಿತು. ಚೇತರಿಕೆ ತಾತ್ಕಾಲಿಕವಾಗಿದ್ದರೂ, ರಕ್ತದ ಕ್ಯಾನ್ಸರ್ ಔಷಧಕ್ಕೆ ಮಣಿಯಬಲ್ಲದು ಎಂಬುದು ಇದರಿಂದ ತಿಳಿದುಬಂದಿತು.

ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಚಿಕಿತ್ಸೆಯಲ್ಲಿ ಮೆಥೋಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ದೀರ್ಘಕಾಲ ಅಥವಾ ಹೆಚ್ಚಿನ ಪ್ರಮಾಣದಲ್ಲಿ ನೀಡಿದಾಗ ಈ ಔಷಧ ಕೆಲವರ ಮೂಳೆಗಳನ್ನು ದುರ್ಬಲಗೊಳಿಸಬಹುದು. ಜೊತೆಗೆ ಕೊಡುವ ಸ್ಟಿರಾಯ್ಡುಗಳಿಂದಲೂ ಈ ಅಪಾಯವಿದೆ. ಹೀಗಾಗಿ ಅಂತಹ ರೋಗಿಗಳಲ್ಲಿ ಕ್ಯಾಲ್ಸಿಯಂ, ರಂಜಕ ಮತ್ತು ಡಿ ಜೀವಸತ್ವದ ಪರೀಕ್ಷೆಗಳಿಗೆ ಮಹತ್ವವಿದೆ.

ಇತರ ಕೊಡುಗೆ

ಆನೆಕಾಲು ರೋಗಕ್ಕೆ ನೀಡುವ ಡೈಇಥೈಲ್‌ಕಾರ್ಬಮಜೀನ್ ಇವರ ನೇತೃತ್ವದ ಸಂಶೋಧನೆಯ ಫಲ. ಕರ್ನಾಟಕದ ಬೀದರ್, ಕಲಬುರಗಿ ಮುಂತಾದ ಜಿಲ್ಲೆಗಳ ಸಾಮೂಹಿಕ ಔಷಧ ವಿತರಣೆಯಲ್ಲಿ ಇದನ್ನು ಬಳಸಲಾಗಿದೆ.

ನಿಧನ

ಸುಬ್ಬರಾವ್ ತಮ್ಮ 53ನೆಯ ವಯಸ್ಸಿನಲ್ಲಿ ನ್ಯೂಯಾರ್ಕ್‌ನಲ್ಲಿ ನಿಧನರಾದರು. ಜನ್ಮಶತಮಾನೋತ್ಸವದ ವರ್ಷವಾದ 1995ರಲ್ಲಿ ಭಾರತ ಸರ್ಕಾರವು ಇವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.