ಕುದುರೆಯ ಮನವನ್ನರಿತ ಕ್ಸೆನೊಫನ್

ಕುದುರೆಗೆ ಮಾತು ಬಾರದು. ಆದರೆ ಅದರ ಮೈಯೆಲ್ಲವೂ ಮಾತನಾಡುತ್ತದೆ. ನಿಮಿರಿದ ಕಿವಿ ಎಚ್ಚರವನ್ನೂ, ಹಿಂದಕ್ಕೆ ಒತ್ತಿಕೊಂಡ ಕಿವಿ ಸಿಟ್ಟನ್ನೂ, ಅರಳಿದ ಮೂಗಿನ ಹೊಳ್ಳೆ ಉದ್ವೇಗವನ್ನೂ ಸೂಚಿಸುತ್ತವೆ. ಈ ಮೂಕ ಪ್ರಾಣಿಯ ಮನಸ್ಸನ್ನು ಅರಿತು ನಡೆಯುವುದೇ ಸವಾರನ ಮೊದಲ ವಿದ್ಯೆ ಎಂಬುದನ್ನು ಸುಮಾರು 2,400 ವರ್ಷಗಳ ಹಿಂದೆಯೇ ಕಂಡುಕೊಂಡವನು ಗ್ರೀಸ್ ದೇಶದ ಕ್ಸೆನೊಫನ್.

ಇವನು ಕ್ರಿ.ಪೂ. 430ರ ಸುಮಾರಿನಲ್ಲಿ ಅಥೆನ್ಸ್ ರಾಜ್ಯದ ಸಿರಿವಂತ ಮನೆತನವೊಂದರಲ್ಲಿ ಹುಟ್ಟಿದನು. ತತ್ತ್ವಜ್ಞಾನಿ ಸಾಕ್ರೆಟೀಸನ ಶಿಷ್ಯನಾದನು. ಕ್ರಿ.ಪೂ. 401ರಲ್ಲಿ ಪರ್ಷಿಯದ ರಾಜಕುಮಾರ ಸೈರಸನು ತನ್ನ ಅಣ್ಣನ ಮೇಲೆ ದಂಡೆತ್ತಿ ಹೋದಾಗ ಅವನ ಗ್ರೀಕ್ ಸೇನೆಯೊಡನೆ ಇವನೂ ಹೊರಟನು. ಬ್ಯಾಬಿಲೋನಿನ ಸಮೀಪದ ಕುನಾಕ್ಸದ ಕಾಳಗದಲ್ಲಿ ಸೈರಸನು ಮಡಿದನು. ಗ್ರೀಕ್ ದಳಪತಿಗಳು ಮೋಸಕ್ಕೆ ಸಿಕ್ಕಿ ಸೆರೆಯಾದರು. ದಿಕ್ಕುಗೆಟ್ಟ ಸುಮಾರು ಹತ್ತು ಸಾವಿರ ಸೈನಿಕರು ತಮ್ಮಲ್ಲಿಯೇ ಹೊಸ ನಾಯಕರನ್ನು ಆರಿಸಿಕೊಂಡರು. ಅವರಲ್ಲಿ ಕ್ಸೆನೊಫನನೂ ಒಬ್ಬನು.

ಮರುಪಯಣದಲ್ಲಿ ಒಮ್ಮೆ ಶತ್ರುಗಳಿಗಿಂತ ಮೊದಲು ಬೆಟ್ಟವೊಂದನ್ನು ಏರಬೇಕಾಗಿತ್ತು. ಕುದುರೆಯ ಮೇಲಿದ್ದ ಕ್ಸೆನೊಫನನು ಪಡೆಯನ್ನು ಹುರಿದುಂಬಿಸುತ್ತಿದ್ದನು. ತಾನು ಭಾರವಾದ ಗುರಾಣಿ ಹೊತ್ತು ದಣಿಯುತ್ತಿರುವಾಗ ನಾಯಕನು ಸವಾರಿ ಮಾಡುತ್ತಿರುವನೆಂದು ಸೈನಿಕನೊಬ್ಬನು ಗೊಣಗಿದನು. ಕ್ಸೆನೊಫನನು ಕೂಡಲೇ ಕೆಳಗೆ ಧುಮುಕಿ, ಅವನನ್ನು ಸಾಲಿನಿಂದ ಸರಿಸಿ, ಆ ಗುರಾಣಿಯನ್ನು ತಾನೇ ಹೊತ್ತು ನಡೆದನು. ಸವಾರರ ಭಾರವಾದ ಎದೆಗವಚವೂ ಅವನ ಮೈಮೇಲಿತ್ತು. ಉಳಿದ ಸೈನಿಕರು ಗೊಣಗಿದವನನ್ನು ಹಳಿದು, ಗುರಾಣಿಯನ್ನು ಅವನೇ ಮರಳಿ ಹೊರುವಂತೆ ಮಾಡಿದರು. ಬೆಟ್ಟವು ಗ್ರೀಕರ ವಶವಾಯಿತು.

ಆರ್ಮೇನಿಯದ ಆಳವಾದ ಹಿಮದಲ್ಲಿ ಕುದುರೆಗಳು ಹೊಟ್ಟೆಯವರೆಗೆ ಹೂತುಹೋಗುತ್ತಿದ್ದವು. ಅವುಗಳ ಕಾಲುಗಳಿಗೆ ಚೀಲಗಳನ್ನು ಕಟ್ಟುವ ಉಪಾಯವನ್ನು ಅಲ್ಲಿನ ಗ್ರಾಮದ ಮುಖ್ಯಸ್ಥನಿಂದ ಗ್ರೀಕರು ಕಲಿತರು. ಕೊನೆಗೆ ಕಪ್ಪುಸಮುದ್ರದ ತೀರವನ್ನು ಸೇರಿ ಬದುಕಿಕೊಂಡರು. ಆದರೆ ಊರಿಗೆ ಮರಳಲು ಹಣವಿಲ್ಲದೆ ಕ್ಸೆನೊಫನನು ತನ್ನ ಮೆಚ್ಚಿನ ಕುದುರೆಯನ್ನು ಲ್ಯಾಂಪ್ಸಕಸಿನಲ್ಲಿ 50 ಚಿನ್ನದ ನಾಣ್ಯಗಳಿಗೆ ಮಾರಬೇಕಾಯಿತು. ಅವನಿಗೆ ಅದು ಎಷ್ಟು ಪ್ರಿಯವೆಂಬುದನ್ನು ಬಲ್ಲ ಇಬ್ಬರು ಅದನ್ನು ಬಿಡಿಸಿ ತಂದೊಪ್ಪಿಸಿದರು, ಬೆಲೆಯನ್ನು ಸ್ವೀಕರಿಸಲಿಲ್ಲ.

ಮುಂದೆ ಸ್ಪಾರ್ಟದ ಪಕ್ಷ ವಹಿಸಿದ ಇವನಿಗೆ ಅಥೆನ್ಸ್ ಗಡಿಪಾರಿನ ಶಿಕ್ಷೆ ವಿಧಿಸಿತು. ಒಲಿಂಪಿಯದ ಬಳಿಯ ಸ್ಕಿಲ್ಲಸಿನಲ್ಲಿ ಬೇಸಾಯ, ಬೇಟೆ, ಬರವಣಿಗೆಗಳಲ್ಲಿ ಹಲವು ವರ್ಷಗಳನ್ನು ಕಳೆದನು. ಅಶ್ವವಿದ್ಯೆಯನ್ನು ಕುರಿತ ಇವನ ಗ್ರಂಥವು ಗ್ರೀಕ್ ಭಾಷೆಯಲ್ಲಿ ಪೂರ್ಣವಾಗಿ ಉಳಿದುಬಂದಿರುವ ಅಂಥ ಕೃತಿಗಳಲ್ಲಿ ಅತ್ಯಂತ ಹಳೆಯದು.

ಆ ಕಾಲದ ಗ್ರೀಕರಿಗೆ ರಿಕಾಪು ತಿಳಿದಿರಲಿಲ್ಲ. ಬೆದರಿದ ಕುದುರೆಯ ಮೇಲಿದ್ದವನ ಪ್ರಾಣ ಅದರ ಮನಸ್ಸಿಗೆ ಅಧೀನವಾಗಿತ್ತು. ಆದುದರಿಂದ ಕ್ಸೆನೊಫನನು ಚಿಕ್ಕ ಚಿಕ್ಕ ಲಕ್ಷಣಗಳನ್ನೂ ಗಮನಿಸಿದನು. ಲಾಯವು ಒಡೆಯನ ಕಣ್ಣಿಗೆ ಪದೇ ಪದೇ ಬೀಳುವಂತಿರಬೇಕು. ಕುದುರೆ ಮೇವನ್ನು ಚೆಲ್ಲತೊಡಗಿದರೆ ಅದಕ್ಕೆ ಆರೈಕೆಯೋ ವಿಶ್ರಾಂತಿಯೋ ಬೇಕಾಗಿದೆಯೆಂದು ತಿಳಿಯಬೇಕು. ಯಾವುದಾದರೂ ವಸ್ತುವನ್ನು ಕಂಡು ಅದು ಹಿಂಜರಿದರೆ ಹೊಡೆಯಬಾರದು; ಹೊಡೆದರೆ ನೋವಿಗೂ ಆ ವಸ್ತುವೇ ಕಾರಣವೆಂದು ಭಾವಿಸಿ ಮತ್ತಷ್ಟು ಅಂಜುತ್ತದೆ. ಸವಾರನು ತಾನೇ ಅದನ್ನು ಮುಟ್ಟಿ ತೋರಿಸಿ, ಕುದುರೆಯನ್ನು ಮೆಲ್ಲನೆ ಹತ್ತಿರ ಕರೆತರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೋಪದಲ್ಲಿದ್ದಾಗ ಕುದುರೆಯ ಬಳಿಗೆ ಹೋಗಲೇಬಾರದು. ಚಾವಟಿಯ ಏಟಿಗೆ ಕುಣಿಯುವ ನರ್ತಕನಲ್ಲಿ ಚೆಲುವಿಲ್ಲದಂತೆ, ಬಲವಂತಕ್ಕೆ ಒಳಗಾದ ಕುದುರೆಯ ನಡೆಯಲ್ಲಿಯೂ ಚೆಲುವಿಲ್ಲವೆಂಬುದು ಇವನ ಮತ.

ಕ್ರಿ.ಪೂ. 362ರಲ್ಲಿ ಇವನ ಮಗ ಗ್ರಿಲ್ಲಸನು ಅಥೆನ್ಸಿನ ಅಶ್ವದಳದಲ್ಲಿ ಹೋರಾಡುತ್ತ ಮ್ಯಾಂಟಿನಿಯದ ಬಳಿ ವೀರಮರಣವನ್ನು ಹೊಂದಿದನು. ತಂದೆಯನ್ನು ಹೊರದೂಡಿದ್ದ ನಾಡಿಗಾಗಿಯೇ ಮಗನು ಪ್ರಾಣ ತೆತ್ತನು. ಕ್ರಿ.ಪೂ. 354ರ ಸುಮಾರಿನಲ್ಲಿ ಕ್ಸೆನೊಫನನೂ ಕಾಲವಾದನು. ಅಂದಿನ ರಾಜ್ಯಗಳೂ ಸೇನೆಗಳೂ ಅಳಿದುಹೋಗಿವೆ. ಅಂಜಿದ ಜೀವಕ್ಕೆ ಏಟಿನಿಂದ ಧೈರ್ಯ ಬಾರದೆಂಬ ಇವನ ಅರಿವು ಮಾತ್ರ ಇಂದಿಗೂ ಹಳತಾಗಿಲ್ಲ.